ರಾಡ್ ಸರಿ ಇತ್ತು, 94 ವ್ಯಾಟ್ ಗೋಡೆಯೊಳಗಿತ್ತು

ಕಲಬುರಗಿಯ ಬ್ರಹ್ಮಪುರದಲ್ಲಿ ಒಂದು ಹಳೇ ಮನೆ. ಎಳ್ಳಮಾವಾಸ್ಯೆಗೆ ಇನ್ನೊಂದು ವಾರವಿತ್ತು, ಬೆಳಗಿನ ಚಳಿ ಜೋರಾಗಿತ್ತು. "ರಾಡ್ ಹೊಸಾದು ತಂದೀವಿ ತಮ್ಮಾ, ಆದ್ರೂ ನೀರು ಲಗೂನೆ ಕಾಯವಲ್ವು. ಗ್ವಾಡಿ ಕಡೆ ಏನೋ ಸುಟ್ಟ ವಾಸನಿ ಬರ್ತದ" ಅಂದರು ಅಕ್ಕ. ನೀರಿನದು ಐದಾರು ನಿಮಿಷದ ತಡ ಅಷ್ಟೇ. ವಾಸನೆಯ ಮಾತು ಕೇಳಿ ಮಾತ್ರ ನನಗೆ ದಿಗಿಲಾಯಿತು.

ರಾಡ್ ಆಫ್ ಮಾಡಿ ನೋಡಿದೆ. ಬೋರ್ಡಿನಲ್ಲಿ 228 ವೋಲ್ಟ್, ಬಚ್ಚಲ ಮನೆಯ ಸಾಕೆಟ್ಟಿನಲ್ಲೂ 228. ಇಷ್ಟಕ್ಕೇ ಬಿಟ್ಟರೆ ವೈರಿಂಗ್ ಸರಿ ಇದೆ ಅಂತಲೇ ಅನ್ನಿಸುತ್ತದೆ. ಆದರೆ ಕರೆಂಟ್ ಹರಿಯದೆ ತಂತಿಯಲ್ಲಿ ವೋಲ್ಟೇಜ್ ಇಳಿಯುವುದಿಲ್ಲ ಅಲ್ವಾ? ಅದಕ್ಕೇ ನಾನು ಲೋಡ್ ಹಾಕಿ, ಅಂದರೆ ರಾಡಿನಂಥದ್ದನ್ನು ಆನ್ ಮಾಡಿ, ಅಳೆಯದೆ ಯಾವ ಮನೆಯಿಂದಲೂ ಎದ್ದು ಬರುವುದಿಲ್ಲ.

ರಾಡನ್ನು ಬಕೆಟ್ಟಿಗಿಟ್ಟು ಆನ್ ಮಾಡಿದೆ. ಬೋರ್ಡಿನಲ್ಲಿ 226, ಸಾಕೆಟ್ಟಿನಲ್ಲಿ 206 ವೋಲ್ಟ್. ತಂತಿಯನ್ನು ಹೊರಗಿನಿಂದಲೇ ಹಿಡಿದು ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ 5.9 ಆಂಪ್ ತೋರಿಸಿತು. ಕ್ಲಾಂಪನ್ನು ಒಂದೇ ತಂತಿಗೆ ಹಾಕಬೇಕು. ಇಡೀ ವೈರಿಗೆ ಹಾಕಿದರೆ ಹೋಗುವ ಕರೆಂಟು, ಬರುವ ಕರೆಂಟು ಒಂದನ್ನೊಂದು ಹೊಡೆದು ಸೊನ್ನೆ ಬರುತ್ತದೆ.

ಈಗ ಲೆಕ್ಕ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ: 206 ÷ 5.9, ಸುಮಾರು 35 ಓಮ್. ರಾಡ್ ಮೇಲೆ 230 ವೋಲ್ಟಿಗೆ 1500 ವ್ಯಾಟ್ ಅಂತ ಬರೆದಿತ್ತು. 230 × 230 ÷ 1500 ಮಾಡಿದರೂ 35 ಓಮೇ. ಅಂದರೆ ರಾಡ್ ಸರಿ ಇದೆ. ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದರೆ ಪವರ್: 206 × 5.9, ಸುಮಾರು 1215 ವ್ಯಾಟ್. (ರಾಡು, ಇಸ್ತ್ರಿಪೆಟ್ಟಿಗೆ ಇದು ನೇರ ಲೆಕ್ಕ. ಮೋಟಾರಿನ ಲೆಕ್ಕ ಬೇರೆ.)

ಉಳಿದ 20 ವೋಲ್ಟ್ ಎಲ್ಲಿ ಹೋಯಿತು? 1.5 ಸ್ಕ್ವೇರ್ (ಚದರ ಮಿಲಿಮೀಟರ್) ತಾಮ್ರದ ವೈರು ಕಿಲೋಮೀಟರಿಗೆ ಸುಮಾರು 12 ಓಮ್. ಇಲ್ಲಿ ಬೋರ್ಡಿನಿಂದ ಸಾಕೆಟ್ಟಿಗೆ ದೂರ 30 ಮೀಟರ್, ಹೋಗಿ ಬಂದು 60. ಅಂದರೆ 0.7 ಓಮ್, 4 ವೋಲ್ಟ್. ಇನ್ನುಳಿದ 16 ವೋಲ್ಟ್ ಎಲ್ಲೋ ಒಂದು ಜಾಯಿಂಟಿನಲ್ಲಿ ಬೀಳುತ್ತಿರಬೇಕು. 16 × 5.9 ಅಂದರೆ 94 ವ್ಯಾಟ್. ಹಳೇ ಕಾಲದ 100 ವ್ಯಾಟ್ ಬಲ್ಬನ್ನು ಉರಿಸಿ ಗೋಡೆಯೊಳಗೆ ಮುಚ್ಚಿಟ್ಟ ಹಾಗೆ! ಲೆಕ್ಕ ಮುಗಿದ ಕೂಡಲೇ ಮೇನ್ ಆಫ್ ಮಾಡಿಸಿದೆ.

ಬಚ್ಚಲ ಮನೆಯ ಬಾಗಿಲ ಮೇಲಿದ್ದ ಜಂಕ್ಷನ್ ಬಾಕ್ಸಿನ ಮುಚ್ಚಳ ಸೊಟ್ಟಗಾಗಿತ್ತು. ಒಳಗೆ ಎರಡು ತಂತಿ ಸುಮ್ನೆ ಕೈಯಲ್ಲಿ ತಿರುವಿ ಟೇಪ್ ಸುತ್ತಿದ್ದರು. ಟೇಪ್ ಕರಗಿ ಬೆಲ್ಲದ ಪಾಕದಂತೆ ಅಂಟಿಕೊಂಡಿತ್ತು, ತಾಮ್ರ ಕಪ್ಪಾಗಿತ್ತು. ಸಡಿಲ ಜಾಯಿಂಟ್ ಬಿಸಿಯಾದಷ್ಟೂ ಕಿಲುಬು ಹಿಡಿಯುತ್ತದೆ, ಕಿಲುಬು ಹಿಡಿದಷ್ಟೂ ರೋಧ ಜಾಸ್ತಿಯಾಗುತ್ತದೆ. ಕಪ್ಪಾದ ಭಾಗ ಪೂರಾ ಕತ್ತರಿಸಿ, ಹೊಳೆಯುವ ತಾಮ್ರ ಬರುವವರೆಗೆ ಸುಲಿದು, ಸ್ಕ್ರೂ ಕನೆಕ್ಟರ್ ಹಾಕಿ ಬಿಗಿ ಮಾಡಿದೆ.

ಮತ್ತೆ ಆನ್ ಮಾಡಿದಾಗ ಸಾಕೆಟ್ಟಿನಲ್ಲಿ 222 ವೋಲ್ಟ್, 6.3 ಆಂಪ್. ಸುಮಾರು 1400 ವ್ಯಾಟ್. ಕಾಲು ತಾಸು ಬಿಟ್ಟು ಬಾಕ್ಸ್ ಮುಟ್ಟಿ ನೋಡಿದೆ, ತಣ್ಣಗಿತ್ತು.

ಅಕ್ಕ ಹಳೇ ರಾಡನ್ನು ಗುಜರಿಗೆ ಹಾಕಲು ತೆಗೆದಿಟ್ಟಿದ್ದರು. ಅದನ್ನೂ ತರಿಸಿ ಹಚ್ಚಿ ನೋಡಿದೆ. ಅದೇ 222, ಅದೇ 6.3.