ಸಾಲಕ್ಕೆ ಸರಕು ಕೊಡುವ ಮುನ್ನ: ಕಂಪನಿಯ ದಿವಾಳಿ ಅಪಾಯವನ್ನು ಅನುಪಾತಗಳಿಂದ ಅಳೆಯುವ ಬಗೆ

ಮೈಸೂರಿನ ಹೆಬ್ಬಾಳ ಮತ್ತು ಹೂಟಗಳ್ಳಿ, ಅತ್ತ ನಂಜನಗೂಡು, ಇತ್ತ ಮದ್ದೂರಿನ ಬಳಿಯ ಗೆಜ್ಜಲಗೆರೆ, ಈ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳಲ್ಲಿ ಹೆಚ್ಚಿನವು ತಮಗಿಂತ ದೊಡ್ಡ ಕಂಪನಿಗಳಿಗೆ ಸರಕು ಒದಗಿಸಿ ಬದುಕುತ್ತವೆ. ಸರಕು ಇಂದು ಹೋಗುತ್ತದೆ, ಹಣ ಮೂವತ್ತು, ಅರವತ್ತು, ಕೆಲವೊಮ್ಮೆ ತೊಂಬತ್ತು ದಿನಗಳ ನಂತರ ಬರುತ್ತದೆ. ಅಷ್ಟು ದಿನ ನಾವು ಆ ಕಂಪನಿಗೆ ಸಾಲ ಕೊಟ್ಟಿರುತ್ತೇವೆ, ಅದೂ ಯಾವ ಅಡಮಾನವೂ ಇಲ್ಲದೆ. ಅದೇ ಕಂಪನಿಗೆ ಸಾಲ ಕೊಡುವ ಬ್ಯಾಂಕು ಮೂರು ವರ್ಷದ ಲೆಕ್ಕಪತ್ರ ತರಿಸಿಕೊಂಡು ಓದುತ್ತದೆ. ನಾವು ಪರ್ಚೇಸ್ ಆರ್ಡರ್ ನೋಡಿ ಲಾರಿ ತುಂಬಿಸುತ್ತೇವೆ. ಬ್ಯಾಂಕಿನವರು ಮಾಡುವ ಪರಿಶೀಲನೆಯನ್ನು ಒಬ್ಬ ಸಣ್ಣ ಸರಬರಾಜುದಾರ ತಾನೇ ಹೇಗೆ ಮಾಡಿಕೊಳ್ಳಬಹುದು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಇಷ್ಟು ಶ್ರಮ ಏಕೆ ಬೇಕು ಎಂಬುದಕ್ಕೆ ಕಾನೂನಿನಲ್ಲಿಯೇ ಉತ್ತರವಿದೆ. 2016ರ ದಿವಾಳಿ ಸಂಹಿತೆಯ ಪ್ರಕಾರ ಒಂದು ಕಂಪನಿಯ ಆಸ್ತಿಯನ್ನು ಮಾರಿ ಹಣ ಹಂಚುವ ಹಂತ ಬಂದಾಗ, ಪ್ರಕ್ರಿಯೆಯ ವೆಚ್ಚ, ಕಾರ್ಮಿಕರ ಬಾಕಿ, ಅಡಮಾನ ಪಡೆದ ಬ್ಯಾಂಕುಗಳು, ನೌಕರರ ವೇತನ, ಅಡಮಾನವಿಲ್ಲದೆ ಹಣ ಸಾಲ ಕೊಟ್ಟವರು, ಸರ್ಕಾರದ ಬಾಕಿ ಇವೆಲ್ಲ ಮುಗಿದ ಮೇಲೆ ಉಳಿದರೆ ಮಾತ್ರ ಸರಕು ಕೊಟ್ಟವರ ಸರದಿ ಬರುತ್ತದೆ. ದಿವಾಳಿ ಪ್ರಕ್ರಿಯೆಗೆ ಅರ್ಜಿ ಹಾಕಲು ಇರಬೇಕಾದ ಕನಿಷ್ಠ ಬಾಕಿಯನ್ನು 2020ರ ಮಾರ್ಚ್ 24ರಂದು ಒಂದು ಲಕ್ಷದಿಂದ ಒಂದು ಕೋಟಿ ರೂಪಾಯಿಗೆ ಏರಿಸಲಾಯಿತು. ಹೀಗಾಗಿ ಇಪ್ಪತ್ತು ಲಕ್ಷ ಬರಬೇಕಾದ ಘಟಕವೊಂದು ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿಯ ಪೀಠಕ್ಕೆ ತಾನೊಂದೇ ಹೋಗಲಾಗದು. ಹಣ ಮುಳುಗಿದ ಮೇಲೆ ನಮಗಿರುವ ದಾರಿ ಕಿರಿದು. ಮುಳುಗುವ ಮುನ್ನ ನೋಡಿಕೊಳ್ಳುವುದೇ ನಮ್ಮ ಕೈಯಲ್ಲಿರುವುದು.

ಮೊದಲ ಕೆಲಸ ಲೆಕ್ಕಪತ್ರ ಪಡೆಯುವುದು. ಕೊಳ್ಳುವವರು ಪ್ರೈವೇಟ್ ಲಿಮಿಟೆಡ್ ಅಥವಾ ಪಬ್ಲಿಕ್ ಲಿಮಿಟೆಡ್ ಕಂಪನಿಯಾಗಿದ್ದರೆ ಅವರ ಆಸ್ತಿ-ಹೊಣೆ ಪಟ್ಟಿ, ಲಾಭ-ನಷ್ಟ ಪಟ್ಟಿ ಮತ್ತು ಲೆಕ್ಕಪರಿಶೋಧಕರ ವರದಿಯನ್ನು ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಅಲ್ಪ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಪಾಲುದಾರಿಕೆ ಸಂಸ್ಥೆ ಅಥವಾ ಒಬ್ಬರ ಒಡೆತನದ ವ್ಯಾಪಾರವಾದರೆ ಈ ಅನುಕೂಲವಿಲ್ಲ. ಅವರನ್ನೇ ಕೇಳಬೇಕು, ಕೊಡದಿದ್ದರೆ ಅದನ್ನೂ ಒಂದು ಮಾಹಿತಿ ಎಂದೇ ಪರಿಗಣಿಸಬೇಕು. ಕನಿಷ್ಠ ಮೂರು ವರ್ಷದ್ದು ಬೇಕು. ವಾರ್ಷಿಕ ಸಭೆ ಸೆಪ್ಟೆಂಬರ್ ಅಂತ್ಯದೊಳಗೆ ನಡೆದು, ಅದಾದ ಮೂವತ್ತು ದಿನಗಳಲ್ಲಿ ಲೆಕ್ಕ ಸಲ್ಲಿಕೆಯಾಗುವುದರಿಂದ, ಮಾರ್ಚ್ 31ರ ಸ್ಥಿತಿ ನಮ್ಮ ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಅಕ್ಟೋಬರ್ ಕೊನೆಗೆ. ಗಡುವು ಕಳೆದು ತಿಂಗಳುಗಳಾದರೂ ಲೆಕ್ಕ ಸಲ್ಲಿಸದ ಕಂಪನಿಯ ವಿಷಯದಲ್ಲಿ ನಾನು ಅನುಪಾತ ಹಾಕುವುದಕ್ಕೂ ಹೋಗುವುದಿಲ್ಲ, ಮುಂಗಡ ಕೇಳುತ್ತೇನೆ.

ಇನ್ನೊಂದು ಅನುಕೂಲವೂ ಇದೆ. 2021-22ರ ಲೆಕ್ಕದಿಂದ ಈಚೆಗೆ ಕಂಪನಿಗಳು ಲೆಕ್ಕಪತ್ರದ ಜೊತೆಗಿನ ಟಿಪ್ಪಣಿಗಳಲ್ಲಿ ಹನ್ನೊಂದು ಅನುಪಾತಗಳನ್ನು ತಾವೇ ಕೊಡಬೇಕು ಮತ್ತು ಹಿಂದಿನ ವರ್ಷಕ್ಕಿಂತ ಶೇಕಡ 25ಕ್ಕೂ ಹೆಚ್ಚು ಬದಲಾದುದಕ್ಕೆ ಕಾರಣ ಹೇಳಬೇಕು ಎಂಬ ನಿಯಮವಿದೆ. ಕಾರಣದ ಅಂಕಣವನ್ನು ತಪ್ಪದೆ ಓದಬೇಕು. ಆದರೂ ಲೆಕ್ಕವನ್ನು ನಾವೇ ಹಾಕಿಕೊಳ್ಳುವುದು ಮೇಲು, ಏಕೆಂದರೆ ಅಂಕಿಯನ್ನು ಕೈಯಾರೆ ಬರೆದಾಗಲೇ ಅದರ ಒಳಗೇನಿದೆ ಎಂಬ ಪ್ರಶ್ನೆ ಹುಟ್ಟುತ್ತದೆ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಹೆಬ್ಬಾಳದಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಘಟಕವೊಂದರ ಲೆಕ್ಕ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ, ಹೊಸ ಗಿರಾಕಿ ಕಂಪನಿಯೊಂದರ ಚಾಲ್ತಿ ಅನುಪಾತ (ವರ್ಷದೊಳಗೆ ಹಣವಾಗುವ ಚಾಲ್ತಿ ಆಸ್ತಿಯನ್ನು ವರ್ಷದೊಳಗೆ ತೀರಿಸಬೇಕಾದ ಚಾಲ್ತಿ ಹೊಣೆಯಿಂದ ಭಾಗಿಸಿದ ಅಂಕಿ) 1.9 ಇದ್ದುದನ್ನು ನೋಡಿ, ಅರವತ್ತು ದಿನದ ಸಾಲಕ್ಕೆ ಸರಕು ಕೊಡಬಹುದೆಂದು ಮಾಲೀಕರಿಗೆ ನಾನೇ ಹೇಳಿದ್ದೆ. ಚಾಲ್ತಿ ಆಸ್ತಿಯಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಅದೇ ಕುಟುಂಬದ ಇನ್ನೊಂದು ಸಂಸ್ಥೆಯಿಂದ ಬರಬೇಕಾದ ಹಣವಾಗಿತ್ತು ಎಂಬುದು ಟಿಪ್ಪಣಿಯಲ್ಲಿ ಅಚ್ಚಾಗಿಯೇ ಇತ್ತು. ನಾನು ಆ ಪುಟ ತಿರುಗಿಸಿರಲಿಲ್ಲ. ಆ ಹಣ ಅವರಿಗೂ ಬರಲಿಲ್ಲ, ನಮ್ಮ ಹಣ ನಮಗೂ ಬರಲಿಲ್ಲ. ಆ ವರ್ಷದ ದೀಪಾವಳಿಗೆ ನಮ್ಮ ಕೆಲಸಗಾರರಿಗೆ ಬೋನಸ್ ಕೊಡಲಾಗಲಿಲ್ಲ.

ಈಗ ಅನುಪಾತಗಳಿಗೆ ಬರೋಣ. ಲೆಕ್ಕ ಸ್ಪಷ್ಟವಾಗಲೆಂದು ಯಂತ್ರದ ಬಿಡಿಭಾಗ ತಯಾರಿಸುವ ಒಂದು ಕಲ್ಪಿತ ಕಂಪನಿಯನ್ನು ತೆಗೆದುಕೊಳ್ಳುತ್ತೇನೆ. ಅಂಕಿಗಳೆಲ್ಲ ಲಕ್ಷ ರೂಪಾಯಿಗಳಲ್ಲಿವೆ. ಒಟ್ಟು ಆಸ್ತಿ 2,000. ಅದರಲ್ಲಿ ಚಾಲ್ತಿ ಆಸ್ತಿ 1,100, ಅಂದರೆ ಗಿರಾಕಿಗಳಿಂದ ಬರಬೇಕಾದುದು 520, ದಾಸ್ತಾನು 500, ನಗದು 30, ಇತರೆ 50. ಚಾಲ್ತಿ ಹೊಣೆ 900, ಅಂದರೆ ಬ್ಯಾಂಕಿನ ಕ್ಯಾಶ್ ಕ್ರೆಡಿಟ್ (ಮಿತಿಯೊಳಗೆ ಬೇಕಾದಾಗ ತೆಗೆದು ಕಟ್ಟುವ ಸಾಲ) 380, ಸರಕು ಕೊಟ್ಟವರ ಬಾಕಿ 350, ಒಂದು ವರ್ಷದೊಳಗೆ ಕಟ್ಟಬೇಕಾದ ಅವಧಿ ಸಾಲದ ಕಂತು 120, ಇತರೆ 50. ಆಮೇಲೆ ಕಟ್ಟಬೇಕಾದ ದೀರ್ಘಾವಧಿ ಸಾಲ 600. ಸ್ವಂತ ಬಂಡವಾಳ 500. ಅದರಲ್ಲಿ ಷೇರು ಬಂಡವಾಳ 300, ಕೂಡಿಟ್ಟ ಲಾಭ 200. ವರ್ಷದ ಮಾರಾಟ 2,400, ಖರೀದಿ 1,500, ಬಡ್ಡಿ ಮತ್ತು ತೆರಿಗೆಗೆ ಮುಂಚಿನ ಲಾಭ 160, ಬಡ್ಡಿ 130, ಸವಕಳಿ (ಯಂತ್ರ, ಕಟ್ಟಡ ಸವೆದುದಕ್ಕೆಂದು ಲೆಕ್ಕದಲ್ಲಷ್ಟೇ ಕಳೆಯುವ, ಕೈಯಿಂದ ಹಣ ಹೋಗದ ವೆಚ್ಚ) 90, ತೆರಿಗೆ ಕಳೆದು ಉಳಿದ ಲಾಭ 22.

ಚಾಲ್ತಿ ಆಸ್ತಿಯನ್ನು ಚಾಲ್ತಿ ಹೊಣೆಯಿಂದ ಭಾಗಿಸಿದರೆ 1.22 ಬರುತ್ತದೆ. ನಮ್ಮ ದೇಶದ ಬ್ಯಾಂಕುಗಳಲ್ಲಿ ಉದ್ಯಮಗಳಿಗೆ ಕೊಡುವ ಸಾಲದ ಬಗ್ಗೆ ರಿಸರ್ವ್ ಬ್ಯಾಂಕು 1970ರ ದಶಕದಲ್ಲಿ ನೇಮಿಸಿದ್ದ ಟಂಡನ್ ಸಮಿತಿಯ ಕಾಲದಿಂದ 1.33 ಎಂಬ ಅಳತೆ ರೂಢಿಯಲ್ಲಿದೆ. ಪಠ್ಯಪುಸ್ತಕಗಳು 2 ಇರಬೇಕು ಎನ್ನುತ್ತವೆ. ದಾಸ್ತಾನು ಬಿಟ್ಟು ಲೆಕ್ಕ ಹಾಕಿದರೆ 0.67 ಮಾತ್ರ. ಇದು ದುರ್ಬಲ ಸ್ಥಿತಿ, ಆದರೆ ಇದೊಂದರಿಂದಲೇ ತೀರ್ಮಾನಕ್ಕೆ ಬರಬಾರದು, ಏಕೆಂದರೆ ಚಾಲ್ತಿ ಅನುಪಾತವನ್ನು ಒಂದು ದಿನದಲ್ಲಿ ಸಿಂಗರಿಸಬಹುದು. 150 ಲಕ್ಷ ಚಾಲ್ತಿ ಆಸ್ತಿ, 100 ಲಕ್ಷ ಚಾಲ್ತಿ ಹೊಣೆ ಇರುವ ಕಂಪನಿ ಮಾರ್ಚ್ 30ರಂದು 50 ಲಕ್ಷ ಬಾಕಿ ತೀರಿಸಿದರೆ 1.5 ಇದ್ದ ಅನುಪಾತ 2 ಆಗುತ್ತದೆ. ಏಪ್ರಿಲ್‌ನಲ್ಲಿ ಮತ್ತೆ ಸಾಲ ಮಾಡಿದರೆ ಯಾರಿಗೂ ತಿಳಿಯದು. ಹಂಗಾಮಿಗೆ ತಕ್ಕಂತೆ ನಡೆಯುವ ಉದ್ಯಮಗಳಲ್ಲಿ ಸಿಂಗಾರವಿಲ್ಲದೆಯೂ ಹೀಗಾಗುತ್ತದೆ. ಮಂಡ್ಯದ ಕಡೆಯ ಸಕ್ಕರೆ ಕಾರ್ಖಾನೆಯ ಗೋದಾಮಿನಲ್ಲಿ ಮಾರ್ಚ್ 31ರಂದು ಎಷ್ಟು ಮೂಟೆ ಇರುತ್ತದೆ ಎಂಬುದು ಆ ವರ್ಷ ಕಬ್ಬು ಅರೆದದ್ದು ಯಾವ ತಿಂಗಳುಗಳಲ್ಲಿ ಎಂಬುದರ ಮೇಲೆ ನಿಂತಿದೆ. ಅಲ್ಲಿ ನೋಡಬೇಕಾದುದು ರೈತರಿಗೆ ಕೊಡಬೇಕಾದ ಕಬ್ಬಿನ ಬಾಕಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಲುಪಿದ ಹದಿನಾಲ್ಕು ದಿನಗಳಲ್ಲಿ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇಕಡ 15ರ ಬಡ್ಡಿ ಸೇರಿಸಬೇಕು. ಆ ಬಾಕಿ ಬೆಳೆಯುತ್ತಾ ಹೋದ ಕಾರ್ಖಾನೆಗೆ ಯಂತ್ರದ ಬಿಡಿಭಾಗವಾಗಲಿ ಗೋಣಿಚೀಲವಾಗಲಿ ಸಾಲಕ್ಕೆ ಕೊಡುವವರು ಇನ್ನೊಮ್ಮೆ ಯೋಚಿಸಬೇಕು.

ಸಾಲದ ಭಾರಕ್ಕೆ ಎರಡು ಅಳತೆ ಸಾಕು. ಹೊರಗಿನವರಿಗೆ ಕೊಡಬೇಕಾದ ಒಟ್ಟು 1,500ನ್ನು ಸ್ವಂತ ಬಂಡವಾಳ 500ರಿಂದ ಭಾಗಿಸಿದರೆ 3. ಮಾಲೀಕರ ಒಂದು ರೂಪಾಯಿಗೆ ಹೊರಗಿನವರ ಮೂರು ರೂಪಾಯಿ ನಿಂತಿದೆ. ಬಡ್ಡಿಗೆ ಮುಂಚಿನ ಲಾಭ 160ನ್ನು ಬಡ್ಡಿ 130ರಿಂದ ಭಾಗಿಸಿದರೆ 1.23. ಇದು 2ಕ್ಕಿಂತ ಕೆಳಗಿದ್ದರೆ ನಾನು ಎಚ್ಚರವಾಗುತ್ತೇನೆ. 1ಕ್ಕಿಂತ ಕೆಳಗಿಳಿದರೆ ಬಡ್ಡಿ ಕಟ್ಟಲೂ ಸಾಲ ಮಾಡಬೇಕಾದ ಸ್ಥಿತಿ.

ಬಡ್ಡಿಯಷ್ಟೇ ಅಲ್ಲ, ಅಸಲನ್ನೂ ಕಟ್ಟಬೇಕಲ್ಲ. ಅದಕ್ಕಾಗಿ ನಿವ್ವಳ ಲಾಭ 22, ಸವಕಳಿ 90, ಒಟ್ಟು ಬಡ್ಡಿ 130ರಲ್ಲಿ ಅವಧಿ ಸಾಲದ ಪಾಲು 80 ಎಂದು ಹಿಡಿದು ಕೂಡಿಸಿದರೆ 192. ಕಟ್ಟಬೇಕಾದುದು ಅದೇ ಬಡ್ಡಿ 80 ಮತ್ತು ಕಂತು 120, ಒಟ್ಟು 200. ಭಾಗಿಸಿದರೆ 0.96. ಲಾಭ ತೋರಿಸುತ್ತಿರುವ ಕಂಪನಿಗೆ ತನ್ನ ದುಡಿಮೆಯಿಂದ ಕಂತು ಕಟ್ಟಲಾಗುತ್ತಿಲ್ಲ. ಕಂತು ತೊಂಬತ್ತು ದಿನ ಮೀರಿ ಬಾಕಿ ಉಳಿದರೆ ಬ್ಯಾಂಕು ಅದನ್ನು ವಸೂಲಾಗದ ಸಾಲವೆಂದು ವರ್ಗೀಕರಿಸುತ್ತದೆ, ಹೊಸ ಹಣ ನಿಲ್ಲುತ್ತದೆ. ಹಾಗಾದರೆ ಈಗ ಕಂತಿಗೆ ಹಣ ಎಲ್ಲಿಂದ ಬರುತ್ತಿದೆ?

ಈ ಪ್ರಶ್ನೆಯ ಉತ್ತರವೇ ಇಡೀ ಪರಿಶೀಲನೆಯ ತಿರುಳು, ಆದ್ದರಿಂದ ಇಲ್ಲಿ ನಿಧಾನವಾಗಿ ನೋಡಬೇಕು. ಹಿಂದಿನ ವರ್ಷ ಇದೇ ಕಂಪನಿಯ ಮಾರಾಟ 2,200, ಗಿರಾಕಿಗಳಿಂದ ಬರಬೇಕಾದುದು 380, ದಾಸ್ತಾನು 410, ಖರೀದಿ 1,380, ಸರಕು ಕೊಟ್ಟವರ ಬಾಕಿ 220 ಇತ್ತೆಂದುಕೊಳ್ಳಿ. ಬರಬೇಕಾದ ಹಣವನ್ನು ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿದರೆ ವಸೂಲಿಯ ದಿನಗಳು ಸಿಗುತ್ತವೆ: ಹಿಂದಿನ ವರ್ಷ 63, ಈ ವರ್ಷ 79. ಕೊಡಬೇಕಾದ ಬಾಕಿಯನ್ನು ಖರೀದಿಯಿಂದ ಭಾಗಿಸಿ ಹಾಗೆಯೇ ಗುಣಿಸಿದರೆ ಪಾವತಿಯ ದಿನಗಳು: ಹಿಂದಿನ ವರ್ಷ 58, ಈ ವರ್ಷ 85. ಲಾಭ ಮತ್ತು ಸವಕಳಿ ಸೇರಿ ಕೈಗೆ ಬರಬೇಕಾಗಿದ್ದುದು 112. ಆದರೆ 140 ಗಿರಾಕಿಗಳ ಹತ್ತಿರ ಹೆಚ್ಚುವರಿಯಾಗಿ ಸಿಕ್ಕಿಕೊಂಡಿತು, 90 ದಾಸ್ತಾನಿಗೆ ಹೋಯಿತು, ಸರಕು ಕೊಟ್ಟವರಿಗೆ ತಡ ಮಾಡಿದ್ದರಿಂದ 130 ಉಳಿಯಿತು. ಅಂತೂ ಕೈಯಲ್ಲಿ ನಿಂತದ್ದು 12 ಲಕ್ಷ, ಅದೂ ಸರಬರಾಜುದಾರರ 130 ಲಕ್ಷವನ್ನು ಬಳಸಿಕೊಂಡ ಮೇಲೆ. ಬ್ಯಾಂಕು ಕೈಬಿಗಿ ಮಾಡಿದಾಗ ಕಂಪನಿ ಮೊದಲು ಕೈಹಾಕುವುದು ನಮ್ಮ ಹಣಕ್ಕೇ. ಆದ್ದರಿಂದ ಪಾವತಿಯ ದಿನಗಳು ಒಂದೇ ವರ್ಷದಲ್ಲಿ ಹೀಗೆ ಜಿಗಿದದ್ದನ್ನು ನಾನು ಬೇರೆಲ್ಲ ಅನುಪಾತಗಳಿಗಿಂತ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. 2006ರ ಸಣ್ಣ ಉದ್ಯಮಗಳ ಅಭಿವೃದ್ಧಿ ಕಾಯಿದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ 45 ದಿನ ಮೀರದಂತೆ ಹಣ ಕೊಡಬೇಕು. ಇಂಥ ಘಟಕಗಳ ಬಾಕಿಯನ್ನು ಕಂಪನಿಯು ಟಿಪ್ಪಣಿಯಲ್ಲಿ ಬೇರೆಯಾಗಿ, ಎಷ್ಟು ಹಳೆಯದೆಂಬ ಪಟ್ಟಿಯೊಂದಿಗೆ ತೋರಿಸಬೇಕು. ಒಂದು ವರ್ಷಕ್ಕೂ ಹಳೆಯ ಬಾಕಿ ಅಲ್ಲಿ ಕಂಡರೆ ನಮಗೂ ಅದೇ ಕಾದಿದೆ ಎಂದು ತಿಳಿಯಬೇಕು.

ನಗದಿನ ಮಹತ್ವವನ್ನು ಮೊದಲು ಅಂಕಿಗಳಿಂದ ತೋರಿಸಿದವರಲ್ಲಿ ಅಮೆರಿಕದ ಲೆಕ್ಕಶಾಸ್ತ್ರ ವಿದ್ವಾಂಸ ವಿಲಿಯಂ ಬೀವರ್ ಮುಖ್ಯರು. 1966ರ ಅವರ ಅಧ್ಯಯನದಲ್ಲಿ ಬಿಡಿ ಅನುಪಾತಗಳ ಪೈಕಿ ನಗದು ಹರಿವು ಮತ್ತು ಒಟ್ಟು ಸಾಲದ ಅನುಪಾತವೇ ಸೋಲುವ ಕಂಪನಿಗಳನ್ನು ಉಳಿದವುಗಳಿಂದ ಚೆನ್ನಾಗಿ ಬೇರ್ಪಡಿಸಿತು. ನಮ್ಮ ಉದಾಹರಣೆಯಲ್ಲಿ ಅದು 112ನ್ನು 1,500ರಿಂದ ಭಾಗಿಸಿದಷ್ಟು, ಅಂದರೆ ಶೇಕಡ 7.5.

ಎರಡು ವರ್ಷಗಳ ನಂತರ, 1968ರಲ್ಲಿ, ಹಣಕಾಸು ಶಾಸ್ತ್ರದ ವಿದ್ವಾಂಸ ಎಡ್ವರ್ಡ್ ಆಲ್ಟ್‌ಮನ್ ಅಮೆರಿಕದ 66 ತಯಾರಿಕಾ ಕಂಪನಿಗಳ ಲೆಕ್ಕವನ್ನಿಟ್ಟುಕೊಂಡು ಐದು ಅನುಪಾತಗಳನ್ನು ಕೂಡಿಸಿದ ಝಡ್ ಸ್ಕೋರ್ ರೂಪಿಸಿದರು. ಮೂಲ ಸೂತ್ರಕ್ಕೆ ಷೇರಿನ ಮಾರುಕಟ್ಟೆ ಬೆಲೆ ಬೇಕು. ಷೇರುಪೇಟೆಯಲ್ಲಿಲ್ಲದ ತಯಾರಿಕಾ ಕಂಪನಿಗಳಿಗೆ ಅವರೇ ಬದಲಾಯಿಸಿ ಕೊಟ್ಟ ಸೂತ್ರ ನಮಗೆ ಹೊಂದುತ್ತದೆ. ದುಡಿಯುವ ಬಂಡವಾಳವನ್ನು (ಚಾಲ್ತಿ ಆಸ್ತಿಯಲ್ಲಿ ಚಾಲ್ತಿ ಹೊಣೆ ಕಳೆದು ಉಳಿದದ್ದು) ಒಟ್ಟು ಆಸ್ತಿಯಿಂದ ಭಾಗಿಸಿ 0.717ರಿಂದ, ಕೂಡಿಟ್ಟ ಲಾಭವನ್ನು ಒಟ್ಟು ಆಸ್ತಿಯಿಂದ ಭಾಗಿಸಿ 0.847ರಿಂದ, ಬಡ್ಡಿ-ತೆರಿಗೆಗೆ ಮುಂಚಿನ ಲಾಭವನ್ನು ಒಟ್ಟು ಆಸ್ತಿಯಿಂದ ಭಾಗಿಸಿ 3.107ರಿಂದ, ಸ್ವಂತ ಬಂಡವಾಳವನ್ನು ಒಟ್ಟು ಹೊಣೆಯಿಂದ ಭಾಗಿಸಿ 0.420ರಿಂದ, ಮಾರಾಟವನ್ನು ಒಟ್ಟು ಆಸ್ತಿಯಿಂದ ಭಾಗಿಸಿ 0.998ರಿಂದ ಗುಣಿಸಿ ಐದನ್ನೂ ಕೂಡಿಸಬೇಕು. ಮೊತ್ತ 2.9ಕ್ಕಿಂತ ಹೆಚ್ಚಾದರೆ ಸುರಕ್ಷಿತ, 1.23ಕ್ಕಿಂತ ಕಡಿಮೆಯಾದರೆ ಅಪಾಯ, ನಡುವಿನದು ಅನಿಶ್ಚಿತ.

ನಮ್ಮ ಕಂಪನಿಗೆ ಇವು ಕ್ರಮವಾಗಿ 0.07, 0.08, 0.25, 0.14 ಮತ್ತು 1.20, ಒಟ್ಟು 1.74. ಮೇಲ್ನೋಟಕ್ಕೆ ಅಪಾಯದ ಗೆರೆಯಿಂದ ಸಾಕಷ್ಟು ಮೇಲಿದೆ. ಆದರೆ ಮೂರನೇ ಎರಡು ಭಾಗದಷ್ಟು ಅಂಕ ಬಂದಿರುವುದು ಮಾರಾಟದ ಗಾತ್ರವೊಂದರಿಂದಲೇ, ಮತ್ತು ಆ ಮಾರಾಟದ ಹಣ ವಸೂಲಾಗುವುದು ತಡವಾಗುತ್ತಿದೆ. ಹಾಗಾಗಿ ಒಟ್ಟು ಅಂಕವನ್ನಷ್ಟೇ ಬರೆದಿಟ್ಟುಕೊಳ್ಳದೆ ಐದನ್ನೂ ಬೇರೆಬೇರೆಯಾಗಿ, ಮೂರು ವರ್ಷಕ್ಕೂ ಬರೆದಿಟ್ಟುಕೊಳ್ಳಬೇಕು. ಹೋಟೆಲು, ಸಾಗಣೆ, ಆಸ್ಪತ್ರೆಯಂಥ ಸೇವಾ ಸಂಸ್ಥೆಗಳಿಗೆ ಈ ಸೂತ್ರ ಬಳಸಬಾರದು. ಅವಕ್ಕೆ ಮಾರಾಟದ ಅಂಶವನ್ನೇ ಕೈಬಿಟ್ಟ ಬೇರೆ ಸೂತ್ರವಿದೆ. ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳಿಗೆ ಇವು ಯಾವುವೂ ಹೊಂದುವುದಿಲ್ಲ.

ಅಂಕಿ ಮುಗಿದ ಮೇಲೆ ಲೆಕ್ಕಪರಿಶೋಧಕರ ವರದಿಯನ್ನು ಓದಿ. ಕಂಪನಿ ಮುಂದುವರಿಯುವ ಬಗ್ಗೆ ಗಣನೀಯ ಅನುಮಾನವಿದೆ ಎಂದು ಅವರು ಬರೆದಿದ್ದರೆ ಅನುಪಾತಗಳು ಎಷ್ಟೇ ಚೆನ್ನಾಗಿದ್ದರೂ ಸಾಲ ಬೇಡ. ಈ ವರದಿಗೆ ಒಂದು ಅನುಬಂಧವೂ ಇರುತ್ತದೆ, ಅದರಿಂದ ಸಣ್ಣ ಕಂಪನಿಗಳಿಗೆ ವಿನಾಯಿತಿ ಇದೆ. ಉಳಿದವುಗಳ ವರದಿಯ ಅನುಬಂಧದಲ್ಲಿ ಸಾಲದ ಕಂತು ತಪ್ಪಿದ್ದು, ಭವಿಷ್ಯನಿಧಿ, ಇಎಸ್‌ಐ ಮತ್ತು ಜಿಎಸ್‌ಟಿ ಬಾಕಿ, ನಗದು ನಷ್ಟ ಇವನ್ನು ಪ್ರತ್ಯೇಕವಾಗಿ ಹೇಳಬೇಕು. ಕಾರ್ಮಿಕರ ಭವಿಷ್ಯನಿಧಿಯನ್ನೇ ಕಟ್ಟದೆ ಉಳಿಸಿಕೊಂಡವರು ನಮ್ಮ ಬಿಲ್ಲನ್ನು ಹೊತ್ತಿಗೆ ಸರಿಯಾಗಿ ತೀರಿಸಿಯಾರು ಎಂದು ನಂಬಲು ನನಗೆ ಸಾಧ್ಯವಾಗಿಲ್ಲ. ಅದೇ ಜಾಲತಾಣದಲ್ಲಿ ಅಡಮಾನಗಳ ನೋಂದಣಿಯನ್ನೂ ನೋಡಿ. ಇತ್ತೀಚೆಗೆ ಸಾಲ ಕೊಡುವ ಹೊಸ ಹೊಸಬರಿಗೆ ದಾಸ್ತಾನು ಮತ್ತು ಬರಬೇಕಾದ ಹಣವನ್ನು ಅಡವಿಟ್ಟಿದ್ದರೆ, ನಾವು ಕೊಟ್ಟ ಸರಕು ಅವರ ಗೋದಾಮು ಸೇರಿದ ಕ್ಷಣವೇ ಇನ್ನೊಬ್ಬರ ಭದ್ರತೆಯಾಗುತ್ತದೆ.

ಮೇಲಿನ ಕಲ್ಪಿತ ಕಂಪನಿ ನನ್ನ ಗಿರಾಕಿಯಾಗಿದ್ದರೆ ವ್ಯಾಪಾರವನ್ನು ಬಿಡುತ್ತಿರಲಿಲ್ಲ, ಆದರೆ ಷರತ್ತು ಬದಲಾಯಿಸುತ್ತಿದ್ದೆ. ಪ್ರತಿ ಆರ್ಡರಿಗೆ ಅರ್ಧ ಹಣ ಮುಂಗಡ, ಉಳಿದರ್ಧ ಮೂವತ್ತು ದಿನದಲ್ಲಿ. ಒಂದು ಬಿಲ್ಲು ತೀರುವವರೆಗೆ ಮುಂದಿನ ಲೋಡು ಹೊರಡುವುದಿಲ್ಲ. ಒಟ್ಟು ಬಾಕಿ ನಮ್ಮ ಒಂದು ತಿಂಗಳ ಕೂಲಿ ಮತ್ತು ಬಾಡಿಗೆಯ ಮೊತ್ತವನ್ನು ಮೀರುವಂತಿಲ್ಲ. ಉದ್ಯಮ್ ನೋಂದಣಿಯ (ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ) ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೂ ಅಚ್ಚು ಹಾಕಿಸುತ್ತಿದ್ದೆ, ಏಕೆಂದರೆ ತಡವಾದ ಹಣಕ್ಕೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳುವ ಹಕ್ಕು ಅದರಿಂದ ಗಟ್ಟಿಯಾಗುತ್ತದೆ. ನವೆಂಬರ್‌ನಲ್ಲಿ ಹೊಸ ಲೆಕ್ಕಪತ್ರ ಸಿಕ್ಕಾಗ ಪಾವತಿಯ ದಿನಗಳು 85ರಿಂದ ಇಳಿದಿದ್ದರೆ ಷರತ್ತು ಸಡಿಲಿಸುವ ಮಾತು. ಏರಿದ್ದರೆ ಪೂರ್ತಿ ಹಣ ಬಂದ ಮೇಲೆಯೇ ಲಾರಿ.