ಚಿಕ್ಕಮಗಳೂರಿನಲ್ಲೇ ಕೂತು ಲಿನಕ್ಸ್, ಸ್ಟೋರೇಜ್, ಡೇಟಾಬೇಸ್ ಕಲಿತ ಬಗೆ

ಡಿಬಿಎ (ಡೇಟಾಬೇಸ್ ನೋಡಿಕೊಳ್ಳುವವರು) ಆಗಬೇಕು ಅಂದ್ರೆ ಬೆಂಗಳೂರಿಗೆ ಹೋಗಿ ಕೋಚಿಂಗ್ ಸೇರಲೇಬೇಕಾ ಅಂತ ನಮ್ಮೂರಿನ ಹುಡುಗರು ಕೇಳುತ್ತಲೇ ಇರುತ್ತಾರೆ. ಸೇರಲೇಬೇಕು ಅಂತೇನಿಲ್ಲ. ನಾನು ಕಲಿತದ್ದು ಚಿಕ್ಕಮಗಳೂರಿನ ಮನೆಯಲ್ಲೇ, 8 ಜಿಬಿ ರ್‍ಯಾಮ್ ಇರುವ ಹಳೇ ಲ್ಯಾಪ್‌ಟಾಪಿನಲ್ಲಿ. ಕಂಪ್ಯೂಟರಿನೊಳಗೇ ಇನ್ನೊಂದು ವರ್ಚುವಲ್ ಮಷೀನ್ ಓಡಿಸುವ ವರ್ಚುವಲ್‌ಬಾಕ್ಸ್ ಹಾಕಿ ಅದರೊಳಗೆ ರಾಕಿ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಇನ್‌ಸ್ಟಾಲ್ ಮಾಡಿಕೊಂಡೆ, ಎರಡೂ ಪುಕ್ಕಟೆ. ಆದರೆ ಆಪರೇಟಿಂಗ್ ಸಿಸ್ಟಮ್ ಒಂದು ಕೋರ್ಸ್, ಸ್ಟೋರೇಜ್ ಇನ್ನೊಂದು, ಡೇಟಾಬೇಸ್ ಮತ್ತೊಂದು ಅಂತ ಬೇರೆ ಬೇರೆ ಕಲಿಯಬೇಡಿ. ಕೆಲಸದಲ್ಲಿ ತೊಂದರೆ ಬರೋದು ಮೂರೂ ಸೇರುವ ಜಾಗದಲ್ಲೇ.

ಡಿಸ್ಕ್ ಫುಲ್ ಆಗೋದನ್ನೇ ತಗೊಳ್ಳಿ. ಬೇಕಂತಲೇ 2 ಜಿಬಿಯ ಎಲ್‌ವಿಎಂ ವಾಲ್ಯೂಮ್ (ಆಮೇಲೆ ಬೆಳೆಸಬಹುದಾದ ಡಿಸ್ಕ್ ಭಾಗ) ಮಾಡಿ, ಎಕ್ಸ್‌ಎಫ್‌ಎಸ್ ಅನ್ನೋ ಫೈಲ್‌ಸಿಸ್ಟಮ್‌ಗೆ ಫಾರ್ಮ್ಯಾಟ್ ಹಾಕಿ, ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೇಟಾ ಡೈರೆಕ್ಟರಿಯನ್ನು ಅದರ ಮೇಲಿಟ್ಟು, ಜಾಗ ಮುಗಿಯೋ ತನಕ ಟೇಬಲ್ ತುಂಬಿಸಿದೆ. ವಾಲ್ ಬರೆಯೋಕೆ ಜಾಗ ಸಿಗದೆ ಡೇಟಾಬೇಸ್ 'ಪ್ಯಾನಿಕ್' ಅಂತ ಲಾಗಿನಲ್ಲಿ ಬರೆದು ನಿಂತೇ ಹೋಯಿತು. ವಾಲ್ ಅಂದರೆ ಪ್ರತಿ ಬದಲಾವಣೆಯನ್ನೂ ಮೊದಲು ಬರೆದಿಡುವ ಫೈಲುಗಳು. ಜಾಗ ಬೇಕು ಅಂತ ಅವನ್ನು ಯಾವತ್ತೂ ಕೈಯಾರೆ ಅಳಿಸಬಾರದು, ಡೇಟಾಬೇಸಿನ ಪ್ರಾಣ ಇರೋದೇ ಅಲ್ಲಿ. ವರ್ಚುವಲ್ ಮಷೀನಿಗೆ ಇನ್ನೊಂದು ಡಿಸ್ಕ್ ಸೇರಿಸಿ, ಪಿವಿಕ್ರಿಯೇಟ್, ವಿಜಿಎಕ್ಸ್‌ಟೆಂಡ್ ಕಮಾಂಡುಗಳಿಂದ ಅದನ್ನು ಎಲ್‌ವಿಎಂಗೆ ಕೊಟ್ಟು, ಆಮೇಲೆ ವಾಲ್ಯೂಮ್ ಬೆಳೆಸುವ ಎಲ್‌ವಿಎಕ್ಸ್‌ಟೆಂಡ್‌ಗೆ ಮೈನಸ್ ಆರ್ (-r) ಕೊಟ್ಟರೆ ಫೈಲ್‌ಸಿಸ್ಟಮ್ ಕೂಡ ಜೊತೆಗೇ ಬೆಳೆಯುತ್ತದೆ. ಅನ್‌ಮೌಂಟ್ ಮಾಡಬೇಕಾಗಿಲ್ಲ. ಎಕ್ಸ್‌ಎಫ್‌ಎಸ್ ದೊಡ್ಡದು ಮಾಡೋದು ಸುಲಭ, ಚಿಕ್ಕದು ಮಾಡೋದು ನಡೆಯಲ್ಲ ಅಂತಲೇ ಇಟ್ಟುಕೊಳ್ಳಿ, ಆದ್ದರಿಂದ ಶುರುವಿನಲ್ಲಿ ಜಾಸ್ತಿ ಜಾಗ ಕೊಡಬೇಡಿ.

ನಮ್ಮ ಕಡೆ ಜುಲೈ ಮಳೆಗೆ ಕರೆಂಟ್ ಹೋಗೋದು ಗೊತ್ತೇ ಇದೆ, ಲ್ಯಾಪ್‌ಟಾಪಿನ ಬ್ಯಾಟರಿಯೂ ಸತ್ತಿತ್ತು. ಕೆಲಸದ ಮಧ್ಯೆ ಎಲ್ಲ ಆಫ್. ಕರೆಂಟ್ ಬಂದ ಮೇಲೆ ಲಾಗ್ ತೆರೆದರೆ, ಡೇಟಾಬೇಸ್ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ, ರಿಕವರಿ ನಡೆಯುತ್ತಿದೆ ಅಂತ ಸಾಲು. ಕೊನೆಯ ಚೆಕ್‌ಪಾಯಿಂಟ್‌ನಿಂದ (ಬದಲಾವಣೆಗಳೆಲ್ಲ ಡೇಟಾ ಫೈಲುಗಳಿಗೆ ಸೇರಿದ ಹಂತ) ಡೇಟಾಬೇಸ್ ವಾಲ್ ಓದಿಕೊಂಡು ಬಂತು; ಕಮಿಟ್ ಆದ, ಅಂದರೆ ಖಾಯಂ ಮಾಡಿದ ಸಾಲುಗಳೆಲ್ಲ ಹಾಗೇ ಇದ್ದವು, ಕಮಿಟ್ ಆಗದ್ದು ಕಾಣಲಿಲ್ಲ. ಇದನ್ನು ಕಣ್ಣಾರೆ ನೋಡಿದ ಮೇಲೆ, ಸ್ಪೀಡ್ ಸಿಗುತ್ತೆ ಅಂತ ಎಫ್‌ಸಿಂಕ್ (ಬರೆದದ್ದು ನಿಜವಾಗಿ ಡಿಸ್ಕಿಗೆ ಹೋಗೋ ಹಾಗೆ ನೋಡೋ ಸೆಟ್ಟಿಂಗ್) ಆಫ್ ಮಾಡೋಣ ಅಂತ ಯಾರಾದರೂ ಅಂದರೆ ನಾನು ಒಪ್ಪೋದೇ ಇಲ್ಲ.

ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯೋ ಹಾಗೆ ಹಲವು ಡಿಸ್ಕ್ ಜೋಡಿಸುವ ರೇಡ್ 5 ಕೂಡ ಹೀಗೇ ಮಾಡಿ ನೋಡಿ ಕಲಿಯಬೇಕು. ಲಿನಕ್ಸ್‌ನ ಎಂಡಿಎಡಿಎಂ ಕಮಾಂಡಿನಲ್ಲಿ ಮೂರು ಪುಟ್ಟ ಡಿಸ್ಕ್ ಸೇರಿಸಿ, ಒಂದನ್ನು ಫೇಲ್ ಮಾಡಿ, ಹೊಸದು ಹಾಕಿ, ರೀಬಿಲ್ಡ್ ಆಗೋದನ್ನು ನೋಡಿ. ಆಮೇಲೆ ಒಂದು ಟೇಬಲ್ ಡ್ರಾಪ್ ಮಾಡಿ, ಅಂದರೆ ಅಳಿಸಿ. ರೇಡ್ ಏನೂ ಮಾಡಲಾರದು, ಅಲ್ವಾ? ಅಲ್ಲಿ ಬೇಕಾಗೋದು ಬೇಸ್ ಬ್ಯಾಕಪ್ (ಇಡೀ ಡೇಟಾಬೇಸಿನ ನಕಲು), ಜೊತೆಗೆ ಆರ್ಕೈವ್ ಮಾಡಿಟ್ಟ ವಾಲ್. ಡ್ರಾಪ್ ಆಗೋದಕ್ಕೆ ಸ್ವಲ್ಪ ಮುಂಚಿನ ಸಮಯಕ್ಕೆ ರಿಕವರಿ ಟಾರ್ಗೆಟ್ ಕೊಟ್ಟು, ಟೇಬಲ್ ವಾಪಸ್ ಬರೋ ತನಕ ಬಿಡದೆ ಮಾಡಿ. ರೀಸ್ಟೋರ್ ಮಾಡಿ ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಅಂತ ಲೆಕ್ಕಕ್ಕೇ ಇಡೋದಿಲ್ಲ.

ಸರ್ಟಿಫಿಕೇಟ್ ಬೇಕಿದ್ದರೆ ಲಿನಕ್ಸ್ ಕಂಪನಿ ರೆಡ್ ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎ ಪರೀಕ್ಷೆ ಒಳ್ಳೇದು, ಬಾಯಿಪಾಠ ಅಲ್ಲಿ ನಡೆಯಲ್ಲ, ಪೂರ್ತಿ ಕೈಕೆಲಸ. ಪಾಸಾಗೋಕೆ 300ಕ್ಕೆ 210 ಬೇಕು. ಮಾಡಿದ್ದು ರೀಬೂಟ್ ಆದ ಮೇಲೂ ಉಳಿಯಬೇಕು, ಬೂಟ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಅಂತ ಹೇಳೋ ಎಫ್‌ಎಸ್‌ಟ್ಯಾಬ್ ಫೈಲ್ ತಿದ್ದಿದ ಕೂಡಲೇ ಮೌಂಟ್ ಮೈನಸ್ ಎ (mount -a) ಹೊಡೆದು ನೋಡೋ ಅಭ್ಯಾಸ ಈಗಿಂದಲೇ ಇರಲಿ.

ಪೋಸ್ಟ್‌ಗ್ರೆಸ್ ಬದಲು ಒರಾಕಲ್ ಡೇಟಾಬೇಸ್ ಕಲಿಯೋರಿಗೆ 21ಸಿ ಎಕ್ಸ್‌ಪ್ರೆಸ್ ಎಡಿಷನ್ ಪುಕ್ಕಟೆ ಸಿಗುತ್ತದೆ. 12 ಜಿಬಿ ಡೇಟಾ, 2 ಜಿಬಿ ರ್‍ಯಾಮ್ ಮಿತಿ ಇದೆ, ಆರ್‌ಮ್ಯಾನ್ (ಒರಾಕಲ್‌ನ ಬ್ಯಾಕಪ್ ಸಾಧನ) ಅಭ್ಯಾಸಕ್ಕೆ ಧಾರಾಳ ಸಾಕು. ಅದು ಓಡುವಾಗ ಬೇರೆ ವರ್ಚುವಲ್ ಮಷೀನುಗಳನ್ನು ಆಫ್ ಮಾಡಿಡಿ.