ಬುರುಡೆ ಕಳೆದ್ರೆ ನಾಳ ಉಳಿಯುತ್ತೆ: ಡಿಎಸ್‌ಎ ಮಾಡೋದು ಹೀಗೆ

ಮೆದುಳಿನ ರಕ್ತನಾಳ ಊದಿಕೊಂಡಿದ್ಯಾ, ಕಟ್ಟಿಕೊಂಡಿದ್ಯಾ ಅಂತ ನೋಡೋಕೆ ಡಾಕ್ಟ್ರು ಡಿಎಸ್‌ಎ ಬರೀತಾರೆ. ಡಿಜಿಟಲ್ ಸಬ್‌ಟ್ರ್ಯಾಕ್ಷನ್ ಆಂಜಿಯೋಗ್ರಫಿ. ಹೆಸರು ಕೇಳಿದ್ರೆ ಭಯ ಆಗುತ್ತೆ, ಒಳಗಿರೋದು ಮಾತ್ರ ನಾವು ಸ್ಕೂಲಲ್ಲಿ ಕಲಿತ ಕಳೆಯೋ ಲೆಕ್ಕ.

ಎಕ್ಸ್-ರೇನಲ್ಲಿ ರಕ್ತ ಬೇರೆಯಾಗಿ ಕಾಣಲ್ಲ, ನಾಳದೊಳಗೆ ಡೈ, ಅಂದ್ರೆ ಎಕ್ಸ್-ರೇ ತಡೆಯೋ ದ್ರವ, ಹಾಕಿದ್ರೆ ನಾಳ ಕಾಣುತ್ತೆ. 1927ರಲ್ಲೇ ಲಿಸ್ಬನ್‌ನಲ್ಲಿ ಎಗಾಸ್ ಮೊನಿಜ್ ಅನ್ನೋ ಪೋರ್ಚುಗಲ್ ಡಾಕ್ಟ್ರು ಇದನ್ನ ಮೆದುಳಲ್ಲಿ ಮಾಡಿ ತೋರಿಸಿದ್ರು, ಆದ್ರೆ ಬುರುಡೆ ಮೂಳೆ ಅಡ್ಡ ಬಂದು ಸಣ್ಣ ನಾಳಗಳು ಅದರಲ್ಲೇ ಮುಚ್ಚಿಹೋಗ್ತಿದ್ವು. 1930ರ ದಶಕದಲ್ಲಿ ನೆದರ್ಲೆಂಡ್ಸ್‌ನ ಜೀಡ್ಸಸ್ ಡೆಸ್ ಪ್ಲಾಂಟೆಸ್ ಅನ್ನೋ ಡಾಕ್ಟ್ರು, ಡೈಗೆ ಮುಂಚಿನ ಫಿಲ್ಮ್‌ನ ಕಪ್ಪು-ಬಿಳಿ ಅದಲುಬದಲಾದ ಕಾಪಿ ಮಾಡಿ, ಡೈ ಹಾಕಿದ ಫಿಲ್ಮ್ ಮೇಲೆ ಸರಿಯಾಗಿ ಕೂರಿಸಿ ಬೆಳಕಿಗೆ ಹಿಡಿದ್ರು. ಮೂಳೆ ಬೂದು ಬಣ್ಣದಲ್ಲಿ ಕರಗಿಹೋಯ್ತು, ನಾಳ ಉಳೀತು. ಈಗ ಅದೇ ಕೆಲಸವನ್ನ ಕಂಪ್ಯೂಟರ್ ಮಾಡುತ್ತೆ.

ಮೊದಲು ತೊಡೆಸಂದು ಅಥವಾ ಮಣಿಕಟ್ಟಿಗೆ ಮರಗಟ್ಟೋ ಇಂಜೆಕ್ಷನ್ ಕೊಟ್ಟು, ಅಲ್ಲಿಂದ ಸಣ್ಣ ಟ್ಯೂಬ್ ಅಂದ್ರೆ ಕ್ಯಾಥೆಟರ್ ತೂರಿಸಿ ಬೇಕಾದ ನಾಳದವರೆಗೆ ತಗೊಂಡು ಹೋಗ್ತಾರೆ. ಆಮೇಲೆ ಡೈ ಇಲ್ಲದೆ ಒಂದು ಚಿತ್ರ, ಇದಕ್ಕೆ ಮಾಸ್ಕ್ ಅಂತಾರೆ. ಅದರ ಹಿಂದೆಯೇ ಅಯೋಡಿನ್ ಇರೋ ಡೈ ಬಿಟ್ಟು ಸೆಕೆಂಡಿಗೆ ಕೆಲವು ಚಿತ್ರದಂತೆ ಸಾಲಾಗಿ ತೆಗೀತಾರೆ, ಆಗ ಮುಖ ತಲೆ ಎಲ್ಲ ಬಿಸಿ ಆದಂಗಾಗುತ್ತೆ, ಗಾಬರಿ ಬೇಡ.

ಇನ್ನು ಕಳೆಯೋದು. ನನಗೆ ತುಂಬಾ ಇಷ್ಟ ಆಗೋ ಭಾಗ ಇದು. ನೇರವಾಗಿ ಕಳೆದ್ರೆ ಲೆಕ್ಕ ತಪ್ಪುತ್ತೆ, ಯಾಕಂದ್ರೆ ಎಕ್ಸ್-ರೇ ದೇಹದಲ್ಲಿ ಪಾಲಿನ ಲೆಕ್ಕದಲ್ಲಿ ಕಡಿಮೆ ಆಗುತ್ತೆ. ಡೈ ತುಂಬಿದ ನಾಳ ತನ್ನ ಮೇಲೆ ಬಿದ್ದ ಎಕ್ಸ್-ರೇನಲ್ಲಿ ನೂರಕ್ಕೆ 80 ಪಾಲು ದಾಟೋಕೆ ಬಿಡುತ್ತೆ ಅಂತಿಟ್ಕೊಳ್ಳಿ. ಮೂಳೆ ಇಲ್ಲದ ಕಡೆ 1000 ಇದ್ದಿದ್ದು 800 ಆಗುತ್ತೆ, ವ್ಯತ್ಯಾಸ 200. ಮೂಳೆ ಅರ್ಧ ತಿಂದ ಕಡೆ 500 ಇದ್ದಿದ್ದು 400, ವ್ಯತ್ಯಾಸ ಬರೀ 100. ನಾಳ ಒಂದೇ, ಕಪ್ಪು ಮಾತ್ರ ಎರಡು ಥರ! ಅದಕ್ಕೇ ಮೊದಲು ಎರಡೂ ಚಿತ್ರಗಳ ಲಾಗರಿದಮ್ (ಪಾಲಿನ ಲೆಕ್ಕವನ್ನ ಕಳೆಯೋ ಲೆಕ್ಕವಾಗಿ ಬದಲಿಸೋ ಗಣಿತ) ತಗೊಂಡು ಆಮೇಲೆ ಕಳೀತಾರೆ, ಆಗ ಎರಡು ಕಡೆನೂ ಉತ್ತರ ಒಂದೇ ಬರುತ್ತೆ, ಮೂಳೆ ಪೂರ್ತಿ ಹೋಗುತ್ತೆ.

ಆದ್ರೆ ಚಿತ್ರದ ಮೇಲಿನ ಕಾಳು ಕಾಳು ನಾಯ್ಸ್ ಕಳೆದುಹೋಗಲ್ಲ, ಎರಡು ಚಿತ್ರದ್ದೂ ಸೇರಿ ಸುಮಾರು 1.4 ಪಟ್ಟು ಆಗುತ್ತೆ. ಹಾಗಾಗಿ ಇಲ್ಲಿ ಒಂದೊಂದು ಚಿತ್ರಕ್ಕೂ ಮಾಮೂಲಿ ಫ್ಲೋರೋಸ್ಕೋಪಿ, ಅಂದ್ರೆ ಲೈವ್ ಎಕ್ಸ್-ರೇ ವಿಡಿಯೋಗಿಂತ ಜಾಸ್ತಿ ಎಕ್ಸ್-ರೇ ಬೇಕು, ಸುಮ್ಮಸುಮ್ಮನೆ ಇನ್ನೊಂದು ಸಲ ತೆಗೀಬಾರದು.

ಪೇಷೆಂಟ್ ಕೈಲಿರೋ ಹಂತ ಒಂದೇ, ಅಲ್ಲಾಡದೆ ಇರೋದು. ಮಾಸ್ಕ್ ತೆಗೆದ ಮೇಲೆ ಎಂಜಲು ನುಂಗಿದ್ರೂ ಸಾಕು, ಮೂಳೆ ಮೇಲೆ ಮೂಳೆ ಕೂರಲ್ಲ, ಅಂಚಲ್ಲಿ ಕಪ್ಪು-ಬಿಳಿ ಗೆರೆ ಬಂದು ನಾಳ ಮರೆಯಾಗುತ್ತೆ. ಸ್ವಲ್ಪ ಜರುಗಿದ್ರೆ ಟೆಕ್ನಿಷಿಯನ್ ಮಾಸ್ಕ್‌ನ ಆ ಕಡೆ ಈ ಕಡೆ ಸರಿಸಿ ಹೊಂದಿಸ್ತಾರೆ, ತಲೆ ತಿರುಗಿಸಿಬಿಟ್ರೆ ಅದು ಕಷ್ಟ. ಹೃದಯ ನಿಲ್ಲೋದೇ ಇಲ್ವಲ್ಲ, ಅದಕ್ಕೇ ಹೃದಯದ ಆಂಜಿಯೋಗ್ರಾಮ್‌ನಲ್ಲಿ ಸಾಮಾನ್ಯವಾಗಿ ಈ ಕಳೆಯೋ ವಿಧಾನ ಬಳಸಲ್ಲ.

ಹೋಗೋ ಮುಂಚೆ ಹಿಂದೆ ಡೈ ಅಲರ್ಜಿ ಆಗಿದ್ರೆ, ಆಸ್ತಮಾ, ಕಿಡ್ನಿ ತೊಂದರೆ ಇದ್ರೆ, ಶುಗರ್‌ಗೆ ಕೊಡೋ ಮೆಟ್‌ಫಾರ್ಮಿನ್ ಮಾತ್ರೆ ತಗೋತಿದ್ರೆ ದಯವಿಟ್ಟು ಹೇಳಿಬಿಡಿ. ಕಿಡ್ನಿ ಸರಿ ಇಲ್ಲದವರಿಗೆ ಕಾಲಿನ ನಾಳ ನೋಡೋಕೆ ಡೈ ಬದಲು ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಬಿಡೋದೂ ಉಂಟು, ಮೆದುಳಿಗೆ ಮಾತ್ರ ಅದನ್ನ ಬಳಸಲ್ಲ.